ಕಾಲೇಜು ಶುಲ್ಕ ಮತ್ತು ಆದಾಯ ತೆರಿಗೆ: ಯಾರ ಹೆಸರು, ಯಾವ ಹಣ, ಯಾವ ರಸೀದಿ?

ವರ್ಷದ ನಡುವಿನ ಕೆಲವು ತಿಂಗಳುಗಳಲ್ಲಿ ವ್ಯಾಪಾರಸ್ಥರ ಮನೆಗಳಿಗೆ ಎರಡು ಚಿಂತೆಗಳು ಒಟ್ಟಿಗೇ ಬರುತ್ತವೆ. ಮೊದಲನೆಯದು ಮಕ್ಕಳ ಕಾಲೇಜು ಪ್ರವೇಶ, ಎರಡನೆಯದು ಆದಾಯ ತೆರಿಗೆ ರಿಟರ್ನ್. ಶುಲ್ಕ ಕಟ್ಟಿದ ರಸೀದಿಯನ್ನು ಲೆಕ್ಕ ಪರಿಶೋಧಕರ ಮೇಜಿನ ಮೇಲಿರಿಸಿ, ಇದರಿಂದ ತೆರಿಗೆ ಎಷ್ಟು ಉಳಿಯುತ್ತದೆ ಎಂದು ಕೇಳುವುದು ವಾಡಿಕೆ. ಆದರೆ ಆ ಪ್ರಶ್ನೆಗೆ ಉತ್ತರವು ಶುಲ್ಕ ಕಟ್ಟಿದ ದಿನವೇ, ಕೆಲವೊಮ್ಮೆ ಸಾಲದ ಅರ್ಜಿಗೆ ಸಹಿ ಹಾಕಿದ ದಿನವೇ, ತೀರ್ಮಾನವಾಗಿಬಿಟ್ಟಿರುತ್ತದೆ. ರಿಟರ್ನ್ ಸಲ್ಲಿಸುವ ಹೊತ್ತಿಗೆ ತಿದ್ದಲು ಉಳಿದಿರುವುದು ಬಹಳ ಕಡಿಮೆ.

ಒಂದು ಅವಿಭಕ್ತ ಕುಟುಂಬದ ಉದಾಹರಣೆ

ವಿಷಯ ಸ್ಪಷ್ಟವಾಗಲೆಂದು ಮಾಗಡಿ ಸೀಮೆಯ ಗುಡೇಮಾರನಹಳ್ಳಿಯಲ್ಲಿ ಒಂದು ಕುಟುಂಬವಿದೆಯೆಂದು ಕಲ್ಪಿಸಿಕೊಳ್ಳಬಹುದು. ಅಣ್ಣನಿಗೆ ಗೊಬ್ಬರ ಮತ್ತು ಬಿತ್ತನೆ ಬೀಜದ ಅಂಗಡಿ. ತಮ್ಮನಿಗೆ ರಾಗಿ ಹೊಲ, ಹಿಪ್ಪುನೇರಳೆ ತೋಟ ಹಾಗೂ ರೇಷ್ಮೆ ಹುಳು ಸಾಕಣೆ. ಗೂಡು ಮಾರಾಟವಾಗುವುದು ರಾಮನಗರದ ಮಾರುಕಟ್ಟೆಯಲ್ಲಿ. ತಮ್ಮನ ಮಗಳಿಗೆ ತುಮಕೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ದೊರೆತಿದೆ. ಪ್ಯಾನ್ ಸಂಖ್ಯೆ, ಬ್ಯಾಂಕಿನ ಓವರ್‌ಡ್ರಾಫ್ಟ್, ಪ್ರತಿವರ್ಷದ ರಿಟರ್ನ್ ಎಲ್ಲವೂ ಇರುವುದು ಅಣ್ಣನಿಗೆ. ಆದ್ದರಿಂದ ಶುಲ್ಕ ಕಟ್ಟುವ ಹೊಣೆ ಸಹಜವಾಗಿಯೇ ದೊಡ್ಡಪ್ಪನ ಹೆಗಲೇರುತ್ತದೆ.

ಕಾಲೇಜಿನ ರಸೀದಿ ವರ್ಷಕ್ಕೆ 1,60,000 ರೂಪಾಯಿಗಳದ್ದು: ಬೋಧನಾ ಶುಲ್ಕ 1,10,000, ಅಭಿವೃದ್ಧಿ ಶುಲ್ಕ 30,000, ಇತರ ಶುಲ್ಕಗಳು 20,000. ಹಾಸ್ಟೆಲ್ ವೆಚ್ಚ ಪ್ರತ್ಯೇಕವಾಗಿ 80,000. ಒಟ್ಟು 2,40,000 ರೂಪಾಯಿಗಳನ್ನು ದೊಡ್ಡಪ್ಪ ಅಂಗಡಿಯ ಓವರ್‌ಡ್ರಾಫ್ಟ್ ಖಾತೆಯಿಂದಲೇ ಪಾವತಿಸುತ್ತಾರೆ. ಗುಮಾಸ್ತರು ಅದನ್ನು ಲಾಭ-ನಷ್ಟ ಪಟ್ಟಿಯಲ್ಲಿ ಶಿಕ್ಷಣ ವೆಚ್ಚ ಎಂದು ಬರೆದಿಡುತ್ತಾರೆ. ಮನೆಯ ಮಗಳ ಓದಿಗೆ ಮನೆಯ ಹಿರಿಯರು ಹಣ ಕೊಟ್ಟರು. ಲೋಕದ ದೃಷ್ಟಿಯಲ್ಲಿ ಇದರಲ್ಲಿ ಯಾವ ತಪ್ಪೂ ಇಲ್ಲ. ಆದಾಯ ತೆರಿಗೆ ಕಾಯಿದೆಯ ದೃಷ್ಟಿಯಲ್ಲಿ ಮಾತ್ರ ಈ ಒಂದು ವ್ಯವಹಾರದಲ್ಲಿ ಹಲವು ದೋಷಗಳಿವೆ.

ಕಾಯಿದೆ ಕೊಡುವುದು ಏನು?

1961ರ ಆದಾಯ ತೆರಿಗೆ ಕಾಯಿದೆಯಲ್ಲಿ ಉನ್ನತ ಶಿಕ್ಷಣಕ್ಕೆ ಸಂಬಂಧಿಸಿದ ಮುಖ್ಯ ಕಡಿತಗಳು ಎರಡು. ಕಲಂ 80ಸಿ ಅಡಿಯಲ್ಲಿ ಬೋಧನಾ ಶುಲ್ಕ ಮತ್ತು ಕಲಂ 80ಇ ಅಡಿಯಲ್ಲಿ ಶಿಕ್ಷಣ ಸಾಲದ ಬಡ್ಡಿ. 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ರೂಪಿತವಾದ 2025ರ ಆದಾಯ ತೆರಿಗೆ ಕಾಯಿದೆಯಲ್ಲಿ ಇವು ಕ್ರಮವಾಗಿ 123 ಮತ್ತು 129ನೇ ಕಲಂಗಳಾಗಿ ಮುಂದುವರಿದಿವೆ. 2025-26ನೇ ಹಣಕಾಸು ವರ್ಷದ ಆದಾಯಕ್ಕೆ 1961ರ ಕಾಯಿದೆಯೇ ಅನ್ವಯಿಸುವುದರಿಂದ ಇಲ್ಲಿ ಹಳೆಯ ಸಂಖ್ಯೆಗಳನ್ನೇ ಬಳಸಲಾಗಿದೆ.

ಬೋಧನಾ ಶುಲ್ಕದ ರಿಯಾಯಿತಿ 2003ರಲ್ಲಿ ಕಲಂ 88ರ ಅಡಿಯಲ್ಲಿ, ಒಂದು ಮಗುವಿಗೆ 12,000 ರೂಪಾಯಿಗಳ ಮಿತಿಯೊಡನೆ ಆರಂಭವಾಯಿತು. 2005ರಲ್ಲಿ ಅದು ಹೊಸ ಕಲಂ 80ಸಿ ಒಳಗೆ ಸೇರಿತು. ಜೀವ ವಿಮೆ, ಭವಿಷ್ಯ ನಿಧಿ, ಗೃಹ ಸಾಲದ ಅಸಲು ಮೊದಲಾದವುಗಳೊಡನೆ ಸೇರಿ 1,50,000 ರೂಪಾಯಿ ಇದರ ಒಟ್ಟು ಮಿತಿ. ಈಗಾಗಲೇ ವಿಮಾ ಕಂತು ಮತ್ತು ಭವಿಷ್ಯ ನಿಧಿಯಿಂದಲೇ ಮಿತಿ ತುಂಬಿದವರಿಗೆ ಕಾಲೇಜಿನ ರಸೀದಿಯಿಂದ ಹೆಚ್ಚಿನ ಪ್ರಯೋಜನವಿಲ್ಲ.

80ಇ ಕಲಂನ ಇತಿಹಾಸ ಇನ್ನೂ ಹಿಂದಿನದು. 1994ರ ಹಣಕಾಸು ಕಾಯಿದೆಯ ಮೂಲಕ ಬಂದಾಗ ಅದು ಸ್ವಂತ ವ್ಯಾಸಂಗಕ್ಕಾಗಿ ಪಡೆದ ಸಾಲದ ಮರುಪಾವತಿಗೆ ಮಾತ್ರ ಸೀಮಿತವಾಗಿತ್ತು. 2005ರಲ್ಲಿ ಅಸಲನ್ನು ಕೈಬಿಟ್ಟು, ಬಡ್ಡಿಗೆ ಮೊತ್ತದ ಮಿತಿಯಿಲ್ಲದ ಕಡಿತ ನೀಡಲಾಯಿತು. 2007ರಲ್ಲಿ ಪತಿ ಅಥವಾ ಪತ್ನಿ ಮತ್ತು ಮಕ್ಕಳ ವ್ಯಾಸಂಗಕ್ಕೂ, 2009ರಲ್ಲಿ ತೆರಿಗೆದಾರನು ಕಾನೂನುಬದ್ಧ ಪಾಲಕನಾಗಿರುವ ವಿದ್ಯಾರ್ಥಿಗೂ ಅದು ವಿಸ್ತರಿಸಿತು. ಹನ್ನೆರಡನೆಯ ತರಗತಿಯ ನಂತರದ ಎಲ್ಲ ವ್ಯಾಸಂಗಗಳೂ, ವೃತ್ತಿ ತರಬೇತಿ ಸಹಿತ, ಅಂದಿನಿಂದ ಇದರ ವ್ಯಾಪ್ತಿಗೆ ಬಂದವು.

ರಸೀದಿಯಲ್ಲಿ ಎಷ್ಟು ಲೆಕ್ಕಕ್ಕೆ ಬರುತ್ತದೆ?

80ಸಿ ಅಡಿಯಲ್ಲಿ ಪರಿಗಣನೆಗೆ ಬರುವುದು ಬೋಧನಾ ಶುಲ್ಕ ಮಾತ್ರ. ಅಭಿವೃದ್ಧಿ ಶುಲ್ಕ, ದೇಣಿಗೆ ಮತ್ತು ಅದೇ ಸ್ವರೂಪದ ಪಾವತಿಗಳನ್ನು ಕಾಯಿದೆ ಸ್ಪಷ್ಟವಾಗಿ ಹೊರಗಿಟ್ಟಿದೆ. ಹಾಸ್ಟೆಲ್, ಊಟ, ಬಸ್ಸು, ಪುಸ್ತಕಗಳ ಖರ್ಚು ಬೋಧನಾ ಶುಲ್ಕವಾಗುವುದಿಲ್ಲ. ಸಿಇಟಿ, ನೀಟ್ ಪರೀಕ್ಷೆಗಳ ಖಾಸಗಿ ಕೋಚಿಂಗ್ ಪೂರ್ಣಾವಧಿ ವ್ಯಾಸಂಗವಲ್ಲ. ಪದವಿಪೂರ್ವ ಕಾಲೇಜು ಮತ್ತು ಕೋಚಿಂಗ್ ಎರಡನ್ನೂ ಒಂದೇ ಮೊತ್ತದಲ್ಲಿ ವಸೂಲು ಮಾಡುವ ಕಡೆ, ಬೋಧನಾ ಶುಲ್ಕವನ್ನು ಬೇರ್ಪಡಿಸಿ ತೋರಿಸುವ ರಸೀದಿಯನ್ನು ಆ ದಿನವೇ ಕೇಳಿ ಪಡೆಯುವುದು ಲೇಸು.

ಸಂಸ್ಥೆ ಭಾರತದಲ್ಲಿರಬೇಕು; ವ್ಯಾಸಂಗ ಪೂರ್ಣಾವಧಿಯದ್ದಾಗಿರಬೇಕು; ಹಣ ಆ ಹಣಕಾಸು ವರ್ಷದಲ್ಲಿ ಪಾವತಿಯಾಗಿರಬೇಕು. ಈ ಕಡಿತ ದೊರೆಯುವುದು ವ್ಯಕ್ತಿಗೆ, ತನ್ನ ಯಾವುದೇ ಇಬ್ಬರು ಮಕ್ಕಳಿಗಾಗಿ. ತಂದೆ ತಾಯಿ ಇಬ್ಬರೂ ತೆರಿಗೆದಾರರಾಗಿದ್ದಲ್ಲಿ, ತಾವು ತಾವು ಪಾವತಿಸಿದ ಶುಲ್ಕಕ್ಕೆ ಪ್ರತ್ಯೇಕವಾಗಿ ಕೋರಬಹುದು. ಹಿಂದೂ ಅವಿಭಕ್ತ ಕುಟುಂಬವೆಂಬ ಘಟಕಕ್ಕೆ ಬೋಧನಾ ಶುಲ್ಕದ ಕಡಿತವಿಲ್ಲ. ತಮ್ಮನ ಮಗಳು, ಅಕ್ಕನ ಮಗ, ಮೊಮ್ಮಗ, ಇವರ ಶುಲ್ಕ ಎಷ್ಟೇ ಪ್ರೀತಿಯಿಂದ ಕಟ್ಟಿದ್ದರೂ ಕಟ್ಟಿದವರಿಗೆ ಕಡಿತ ಸಿಗದು. ಗುಡೇಮಾರನಹಳ್ಳಿಯ ದೊಡ್ಡಪ್ಪನ ಕೈಯಲ್ಲಿರುವ ರಸೀದಿ 80ಸಿ ಪಾಲಿಗೆ ಬರಿಯ ಕಾಗದ. ಅದೇ ಶುಲ್ಕವನ್ನು ಹುಡುಗಿಯ ತಂದೆ ತನ್ನ ಖಾತೆಯಿಂದ ಕಟ್ಟಿದ್ದರೆ, 1,10,000 ರೂಪಾಯಿಗಳಷ್ಟು ಮೊತ್ತ ಅವರ ಲೆಕ್ಕದಲ್ಲಿ ಪರಿಗಣನೆಗೆ ಅರ್ಹವಾಗುತ್ತಿತ್ತು.

ಸಾಲದ ಬಡ್ಡಿ: ಹೆಸರಿನಲ್ಲಿದೆ ಗುಟ್ಟು

ಶಿಕ್ಷಣ ಸಾಲದ ಬಡ್ಡಿಯ ವಿಷಯದಲ್ಲಿ ನಾಲ್ಕು ನಿಬಂಧನೆಗಳನ್ನು ಗಮನಿಸತಕ್ಕದ್ದು.

ಮೊದಲನೆಯದಾಗಿ, ಸಾಲವನ್ನು ಪಡೆದವರೇ ಬಡ್ಡಿ ಪಾವತಿಸಿ ಕಡಿತ ಕೋರಬೇಕು. ಸಾಲ ಒಬ್ಬರ ಹೆಸರಿನಲ್ಲಿ, ಪಾವತಿ ಇನ್ನೊಬ್ಬರಿಂದ ಎಂದಾದರೆ ಇಬ್ಬರಿಗೂ ತೊಡಕು. ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುವ ಅಣ್ಣ ತನ್ನ ತಂಗಿಯ ನರ್ಸಿಂಗ್ ವ್ಯಾಸಂಗಕ್ಕೆ ಸಾಲ ಪಡೆದರೆ, ಆತ ಆಕೆಯ ಕಾನೂನುಬದ್ಧ ಪಾಲಕನಲ್ಲದಿದ್ದಲ್ಲಿ, ಕಡಿತವಿಲ್ಲ. ತಮ್ಮನ ಮಗಳಿಗಾಗಿ ಸಾಲ ಮಾಡುವ ದೊಡ್ಡಪ್ಪನಿಗೂ ಇದೇ ಮಾತು ಅನ್ವಯಿಸುತ್ತದೆ.

ಎರಡನೆಯದಾಗಿ, ಸಾಲ ನೀಡಿದ ಸಂಸ್ಥೆ ಬ್ಯಾಂಕ್ ಆಗಿರಬೇಕು. ಇಲ್ಲವೇ ಕೇಂದ್ರ ಸರ್ಕಾರ ಅಧಿಸೂಚಿಸಿದ ಹಣಕಾಸು ಸಂಸ್ಥೆ ಅಥವಾ ಅನುಮೋದಿತ ಧರ್ಮಾರ್ಥ ಸಂಸ್ಥೆಯಾಗಿರಬೇಕು. ನೆಂಟರ ಕೈಸಾಲ, ಚೀಟಿ ಹಣ, ಲೇವಾದೇವಿಗಾರರ ಸಾಲ ಇವು ಯಾವುವೂ ಅರ್ಹವಲ್ಲ. ಒಡವೆ ಅಡವಿಟ್ಟು ಬ್ಯಾಂಕಿನಲ್ಲೇ ಹಣ ತಂದರೂ, ಆ ಸಾಲ ಉನ್ನತ ವ್ಯಾಸಂಗದ ಉದ್ದೇಶಕ್ಕೇ ಪಡೆದದ್ದೆಂದು ದಾಖಲೆಯಿಂದ ಸಾಬೀತುಪಡಿಸುವ ಭಾರ ತೆರಿಗೆದಾರನದು.

ಮೂರನೆಯದಾಗಿ, ಕಡಿತ ಬಡ್ಡಿಗೆ ಮಾತ್ರ. ಬಡ್ಡಿ ಕಟ್ಟಲು ಆರಂಭಿಸಿದ ವರ್ಷ ಮತ್ತು ಅದರ ಮುಂದಿನ 7 ವರ್ಷಗಳು, ಒಟ್ಟು 8 ವರ್ಷ ಅಥವಾ ಬಡ್ಡಿ ತೀರುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ. ಓದು ಮುಗಿಯುವ ಮೊದಲೇ ಬಡ್ಡಿ ಕಟ್ಟತೊಡಗಿದರೆ ಅವಧಿಯ ಎಣಿಕೆಯೂ ಆಗಲೇ ಆರಂಭವಾಗುತ್ತದೆ ಎಂಬುದನ್ನು ಮರೆಯುವಂತಿಲ್ಲ. ವಿದೇಶದ ವಿಶ್ವವಿದ್ಯಾಲಯದ ವ್ಯಾಸಂಗಕ್ಕೆ 80ಸಿ ಇಲ್ಲದಿದ್ದರೂ 80ಇ ಇದೆ.

ನಾಲ್ಕನೆಯದು ಹೆಚ್ಚಿನವರ ಕಣ್ಣಿಗೆ ಬೀಳದ ಮಾತು. ಬಡ್ಡಿಯು ತೆರಿಗೆಗೆ ಒಳಪಡುವ ಆದಾಯದಿಂದ ಪಾವತಿಯಾಗಿರಬೇಕೆಂದು 80ಇ ಹೇಳುತ್ತದೆ. ರಾಗಿ, ತೆಂಗು, ಮಾವಿನ ಕೃಷಿ ಆದಾಯ ತೆರಿಗೆಮುಕ್ತ. ಆ ಹಣದಿಂದಲೇ ಬಡ್ಡಿ ತೀರಿಸಿದ ರೈತ-ವ್ಯಾಪಾರಿ, ಅದನ್ನು ಅಂಗಡಿಯ ಆದಾಯದಿಂದ ಕಳೆಯಲು ಕೋರುವುದು ಕಾಯಿದೆಯ ಮಾತಿಗೆ ಹೊಂದುವುದಿಲ್ಲ. ಬಡ್ಡಿಯನ್ನು ಅಂಗಡಿಯ ಅಥವಾ ಸಂಬಳದ ಹಣ ಜಮೆಯಾಗುವ ಖಾತೆಯಿಂದ ಪಾವತಿಸುವುದೇ ಸುರಕ್ಷಿತ ಮಾರ್ಗ.

ರೇಷ್ಮೆ ಗೂಡಿನ ಹಣ ಕೃಷಿ ಆದಾಯವೇ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಭಾಗದಲ್ಲಿ ಕಾಲೇಜು ಶುಲ್ಕ ಕಟ್ಟುವ ಹಣದಲ್ಲಿ ರೇಷ್ಮೆ ಗೂಡಿನ ಪಾಲು ದೊಡ್ಡದು. ಅದು ಪೂರ್ತಿಯಾಗಿ ಕೃಷಿ ಆದಾಯವೆಂಬ ನಂಬಿಕೆ ಬಲವಾಗಿದೆ. ಆದರೆ ಕೆ. ಲಕ್ಷ್ಮಣನ್ ಅಂಡ್ ಕಂಪನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ನಂಬಿಕೆಯನ್ನು ಒಪ್ಪಲಿಲ್ಲ. ಹಿಪ್ಪುನೇರಳೆ ಸೊಪ್ಪು ಬೆಳೆಯುವುದು ಕೃಷಿ. ಆದರೆ ಸೊಪ್ಪನ್ನು ತಿಂದು ಹುಳು ಕಟ್ಟುವ ಗೂಡು, ಸೊಪ್ಪನ್ನು ಮಾರುಕಟ್ಟೆಗೆ ಯೋಗ್ಯವಾಗಿಸುವ ಸಂಸ್ಕರಣೆಯ ಫಲವಲ್ಲ ಎಂಬುದು ಆ ತೀರ್ಪಿನ ತಿರುಳು. ಹಾಗಾಗಿ ಗೂಡು ಮಾರಿದ ಆದಾಯ ಕೃಷಿ ಆದಾಯವೆನಿಸದು.

ಇದರ ಪರಿಣಾಮ ಎರಡು ಬಗೆಯದು. ಗೂಡಿನ ಲಾಭ ತೆರಿಗೆಯ ಲೆಕ್ಕಕ್ಕೆ ಬರುವುದರಿಂದ, ಅದರಿಂದ ಕಟ್ಟಿದ ಬಡ್ಡಿ 80ಇ ನಿಬಂಧನೆಗೆ ಹೊಂದುತ್ತದೆ. ಜೊತೆಗೆ, ಗೂಡಿನ ಹಣ ಬ್ಯಾಂಕ್ ಖಾತೆಗೇ ಜಮೆಯಾಗುವ ಇಂದಿನ ದಿನಗಳಲ್ಲಿ ಆ ಆದಾಯವನ್ನು ಕೃಷಿಯೆಂದು ಬರೆದು ಸುಮ್ಮನಿರುವಂತೆಯೂ ಇಲ್ಲ.

ಅಂಗಡಿಯ ಖರ್ಚೆಂದು ಬರೆದರೆ

ಈಗ ದೊಡ್ಡಪ್ಪನ ಲಾಭ-ನಷ್ಟ ಪಟ್ಟಿಗೆ ಹಿಂದಿರುಗಬಹುದು. 2025-26ನೇ ಸಾಲಿನಲ್ಲಿ ಅಂಗಡಿಯ ನಿಜವಾದ ಲಾಭ 13,20,000 ರೂಪಾಯಿ. 2,40,000 ರೂಪಾಯಿಗಳ ಕಾಲೇಜು ವೆಚ್ಚವನ್ನು ಕಳೆದು ತೋರಿಸಿದ್ದು 10,80,000. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ಕಲಂ 87ಎ ರಿಯಾಯಿತಿ ಇರುವುದರಿಂದ ತೆರಿಗೆ ಸೊನ್ನೆ. ಲೆಕ್ಕ ಸುಲಭವಾಗಿ ಮುಗಿದಂತೆ ಕಾಣುತ್ತದೆ.

ಆದರೆ ವೈಯಕ್ತಿಕ ಸ್ವರೂಪದ ಖರ್ಚು ವ್ಯಾಪಾರದ ಖರ್ಚಾಗದೆಂಬುದು ಕಲಂ 37ರ ಮೂಲ ತತ್ವ. ಪರಿಶೀಲನೆಯಲ್ಲಿ ಆ ಮೊತ್ತ ತಿರಸ್ಕೃತವಾದರೆ ಆದಾಯ 13,20,000ಕ್ಕೆ ಮರಳುತ್ತದೆ. ತೆರಿಗೆ 78,000, ಸೆಸ್ ಸೇರಿ 81,120 ರೂಪಾಯಿ, ಮೇಲೆ ಬಡ್ಡಿ. ಓವರ್‌ಡ್ರಾಫ್ಟ್‌ನಲ್ಲಿ ಆ ಮೊತ್ತಕ್ಕೆ ಬಿದ್ದ ಬಡ್ಡಿಯೂ ವ್ಯಾಪಾರದ ವೆಚ್ಚವಾಗಿ ಉಳಿಯದು. ಲೆಕ್ಕಪುಸ್ತಕದಲ್ಲಿ ಸುಳ್ಳು ನಮೂದು ಎಂದು ನಿರ್ಧಾರವಾದರೆ ಕಲಂ 270ಎ ಪ್ರಕಾರ ದಂಡ ತೆರಿಗೆಯ ಶೇ. 200. ಇಲ್ಲಿ ಅದು ಸುಮಾರು 1,62,000 ರೂಪಾಯಿ, ಅಂದರೆ ಹುಡುಗಿಯ ಒಂದು ವರ್ಷದ ಕಾಲೇಜು ಶುಲ್ಕಕ್ಕಿಂತ ಹೆಚ್ಚು.

ಕಂಪನಿಯು ನಿರ್ದೇಶಕರ ಮಕ್ಕಳ ವ್ಯಾಸಂಗಕ್ಕೆ ಮಾಡಿದ ವೆಚ್ಚವನ್ನು ನ್ಯಾಯಾಲಯಗಳು ಒಪ್ಪಿದ ನಿದರ್ಶನಗಳಿಲ್ಲದಿಲ್ಲ. 1978ರಲ್ಲಿ ವರದಿಯಾದ ಸಕಾಳ್ ಪೇಪರ್ಸ್ ಪ್ರಕರಣದಲ್ಲಿ, ಪತ್ರಿಕೋದ್ಯಮದ ವ್ಯಾಸಂಗಕ್ಕಾಗಿ ಅಮೆರಿಕಕ್ಕೆ ಕಳುಹಿಸಿದ ವೆಚ್ಚವನ್ನು ಬಾಂಬೆ ಹೈಕೋರ್ಟ್ ಪತ್ರಿಕಾ ಸಂಸ್ಥೆಯ ವ್ಯಾಪಾರ ವೆಚ್ಚವೆಂದು ಮಾನ್ಯ ಮಾಡಿತು. ಓದು ವ್ಯಾಪಾರಕ್ಕೆ ನೇರವಾಗಿ ಸಂಬಂಧಿಸಿದೆಯೇ, ಓದುವವರು ಸಂಸ್ಥೆಯಲ್ಲಿ ಮೊದಲೇ ಕೆಲಸದಲ್ಲಿದ್ದರೇ, ಮರಳಿ ಸೇವೆ ಸಲ್ಲಿಸುವ ಲಿಖಿತ ಕರಾರು ಇದೆಯೇ, ಬೇರೆ ನೌಕರರಿಗೂ ಅಂತಹ ಅವಕಾಶವಿದೆಯೇ, ಇವು ಇಂತಹ ಪ್ರಕರಣಗಳಲ್ಲಿ ಏಳುವ ಪ್ರಶ್ನೆಗಳು. ಪಿಯುಸಿ ಮುಗಿಸಿ ಎಂಜಿನಿಯರಿಂಗ್ ಸೇರಿದ ತಮ್ಮನ ಮಗಳ ವಿಷಯದಲ್ಲಿ ಗೊಬ್ಬರದ ಅಂಗಡಿ ಇವುಗಳಲ್ಲಿ ಒಂದಕ್ಕೂ ಉತ್ತರ ಕೊಡಲಾರದು.

ಹೊಸ ಪದ್ಧತಿಯಲ್ಲಿ ಕಡಿತಗಳ ಬೆಲೆ

2023-24ನೇ ಹಣಕಾಸು ವರ್ಷದಿಂದ ಕಲಂ 115ಬಿಎಸಿ ಹೊಸ ಪದ್ಧತಿಯೇ ಸಹಜ ಪದ್ಧತಿ. ಅದರಲ್ಲಿ 80ಸಿ ಇಲ್ಲ, 80ಇ ಸಹ ಇಲ್ಲ. ಕಡಿತಗಳು ಬೇಕಾದವರು ಹಳೆಯ ಪದ್ಧತಿಯನ್ನು ಆರಿಸಿಕೊಳ್ಳಬೇಕು. ವ್ಯಾಪಾರದ ಆದಾಯವುಳ್ಳವರು ಇದಕ್ಕಾಗಿ ಗಡುವಿನೊಳಗೆ ನಮೂನೆ 10-ಐಇಎ ಸಲ್ಲಿಸಬೇಕೆಂದು 1961ರ ಕಾಯಿದೆಯ ವ್ಯವಸ್ಥೆ. ಒಮ್ಮೆ ಹಳೆಯದನ್ನು ಆರಿಸಿ ಮತ್ತೆ ಹೊಸದಕ್ಕೆ ಮರಳಿದ ಮೇಲೆ, ವ್ಯಾಪಾರದ ಆದಾಯ ಇರುವವರೆಗೆ ಹಳೆಯದಕ್ಕೆ ಪುನಃ ಹೋಗುವ ದಾರಿಯಿಲ್ಲ. ಸಂಬಳದಾರರಂತೆ ವರ್ಷವರ್ಷವೂ ಬದಲಿಸುವ ಸ್ವಾತಂತ್ರ್ಯ ವ್ಯಾಪಾರಿಗಿಲ್ಲ.

ಬದಲಿಸುವುದು ಲಾಭಕರವೇ? 13,20,000 ಆದಾಯಕ್ಕೆ ಹೊಸ ಪದ್ಧತಿಯ ತೆರಿಗೆ, ಸೆಸ್ ಬಿಟ್ಟು, 78,000. ಹಳೆಯ ಪದ್ಧತಿಯಲ್ಲೂ ಅಷ್ಟೇ ತೆರಿಗೆ ಬರಬೇಕಾದರೆ ಒಟ್ಟು 4,92,500 ರೂಪಾಯಿಗಳ ಕಡಿತಗಳಿರಬೇಕು. 80ಸಿಯ ಪೂರ್ಣ 1,50,000 ಕಳೆದ ಮೇಲೂ ಇನ್ನು 3,42,500 ಬೇಕು. ಆದಾಯ 18 ಲಕ್ಷವಾದರೆ ಸರಿಸಮವಾಗಲು ಸುಮಾರು 6,42,000 ರೂಪಾಯಿಗಳ ಕಡಿತ ಅಗತ್ಯ. ವಿದೇಶ ವ್ಯಾಸಂಗಕ್ಕೆ ದೊಡ್ಡ ಸಾಲ ಮಾಡಿದವರಿಗೆ ಇದು ಸಾಧ್ಯ. ತುಮಕೂರಿನಲ್ಲೋ ಬೆಂಗಳೂರಿನಲ್ಲೋ ಓದುವ ಮಕ್ಕಳ ಸಾಮಾನ್ಯ ಸಾಲಕ್ಕೆ ಅಸಂಭವ. ವ್ಯಾಪಾರದ ಆದಾಯ 12 ಲಕ್ಷದೊಳಗಿದ್ದರಂತೂ ಹೊಸ ಪದ್ಧತಿಯಲ್ಲಿ ತೆರಿಗೆಯೇ ಇಲ್ಲ, ಕಡಿತ ಯಾವುದರಿಂದ?

ತೆರಿಗೆ ಉಳಿಯುತ್ತದೆಂಬ ಒಂದೇ ಕಾರಣಕ್ಕೆ ಶಿಕ್ಷಣ ಸಾಲ ಮಾಡುವುದು ಇಂದಿನ ಸ್ಥಿತಿಯಲ್ಲಿ ವಿವೇಕವಲ್ಲ. ಸಾಲ ಅನಿವಾರ್ಯವಾದಾಗ ಮೊದಲು ನೋಡಬೇಕಾದದ್ದು ಬಡ್ಡಿಯ ದರ ಮತ್ತು ಬಡ್ಡಿ ಸಹಾಯಧನ.

ಸಹಾಯಧನವೇ ದೊಡ್ಡ ಉಳಿತಾಯ

2009ರಲ್ಲಿ ಆರಂಭವಾದ ಕೇಂದ್ರ ವಲಯದ ಬಡ್ಡಿ ಸಹಾಯಧನ ಯೋಜನೆಯು, ಈಗಿನ ನಿಯಮದಂತೆ ವಾರ್ಷಿಕ ಆದಾಯ 4.5 ಲಕ್ಷದವರೆಗಿನ ಕುಟುಂಬಗಳ ಮಕ್ಕಳು ಮಾನ್ಯ ಸಂಸ್ಥೆಗಳಲ್ಲಿ ತಾಂತ್ರಿಕ ಹಾಗೂ ವೃತ್ತಿಪರ ವ್ಯಾಸಂಗ ಮಾಡುವಾಗ, ಮರುಪಾವತಿ ಆರಂಭವಾಗುವವರೆಗಿನ ಬಡ್ಡಿಯನ್ನು ಭರಿಸುತ್ತದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಅನುಮೋದಿಸಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯು, 8 ಲಕ್ಷದವರೆಗಿನ ಆದಾಯದ ಕುಟುಂಬಗಳಿಗೆ, ಆಯ್ದ ಉನ್ನತ ಸಂಸ್ಥೆಗಳ ವ್ಯಾಸಂಗಕ್ಕೆ ಪಡೆದ 10 ಲಕ್ಷದವರೆಗಿನ ಸಾಲದ ಮೇಲೆ ಶೇ. 3ರ ಬಡ್ಡಿ ಸಹಾಯ ನೀಡುತ್ತದೆ. 6 ಲಕ್ಷ ರೂಪಾಯಿ ಸಾಲಕ್ಕೆ ಶೇ. 9ರಂತೆ ಒಂದು ವರ್ಷದ ಬಡ್ಡಿಯೇ 54,000. ಅದನ್ನು ಸರ್ಕಾರ ಭರಿಸಿದರೆ ಉಳಿಯುವುದು ಪೂರ್ತಿ ಹಣ. ತೆರಿಗೆ ಕಡಿತದಿಂದ ಉಳಿಯುವುದು ಅದರ ಒಂದು ಪಾಲು ಮಾತ್ರ. ಸರ್ಕಾರ ಭರಿಸಿದ ಬಡ್ಡಿಗೆ 80ಇ ಕಡಿತ ಕೋರುವಂತಿಲ್ಲ ಎಂಬುದು ಬೇರೆ ಹೇಳಬೇಕಿಲ್ಲ.

ಗುಡೇಮಾರನಹಳ್ಳಿಯ ಕುಟುಂಬ ಕಳೆದುಕೊಂಡದ್ದು ಇಲ್ಲಿ. ಸಾಲದ ಅರ್ಜಿ ಹುಡುಗಿಯ ಹೆಸರಿನಲ್ಲಿ, ತಂದೆ ಸಹ-ಸಾಲಗಾರನಾಗಿ ಇದ್ದಿದ್ದರೆ, ಆದಾಯ ಮಿತಿಯೊಳಗಿದ್ದ ಪಕ್ಷದಲ್ಲಿ ನಾಡಕಚೇರಿಯ ಆದಾಯ ಪ್ರಮಾಣಪತ್ರದೊಡನೆ ಸಹಾಯಧನಕ್ಕೆ ದಾರಿ ತೆರೆದಿರುತ್ತಿತ್ತು. ಅಂಗಡಿಯ ಓವರ್‌ಡ್ರಾಫ್ಟ್‌ಗೆ ಆ ದಾರಿಯೇ ಇಲ್ಲ. ಮುಂದೆ ಹುಡುಗಿ ಉದ್ಯೋಗಕ್ಕೆ ಸೇರಿ ಸ್ವತಃ ಬಡ್ಡಿ ಕಟ್ಟುವಾಗ 80ಇ ಹಕ್ಕು ಅವಳದಾಗುತ್ತಿತ್ತು. ಅವಳ ಸಂಬಳಕ್ಕೆ ಯಾವ ಪದ್ಧತಿ ಲೇಸೆಂದು ಆಗ ನೋಡಬಹುದಿತ್ತು. ಪ್ರಮಾಣಪತ್ರದಲ್ಲಿ ತೋರಿಸುವ ಆದಾಯಕ್ಕೂ ಗೂಡಿನ ಹಣ ಜಮೆಯಾದ ಖಾತೆಗೂ ತಾಳೆಯಿರಬೇಕೆಂಬ ಎಚ್ಚರ ಮಾತ್ರ ಅಗತ್ಯ.

ದೊಡ್ಡಪ್ಪ ನೆರವಾಗಬಾರದೆಂದು ಇದರ ಅರ್ಥವಲ್ಲ. ತಂದೆಯ ಸಹೋದರ ಕೊಡುವ ಕೊಡುಗೆ ಪಡೆದವಳ ಕೈಯಲ್ಲಿ ತೆರಿಗೆಗೆ ಒಳಪಡದು. ಕಾಯಿದೆಯ ಸಂಬಂಧಿಗಳ ಪಟ್ಟಿಯಲ್ಲಿ ಅವರಿದ್ದಾರೆ. ಆ ಹಣವನ್ನು ಅಂಗಡಿಯ ಪುಸ್ತಕದಲ್ಲಿ ಮಾಲೀಕರ ಸ್ವಂತ ಬಳಕೆಯ ಖಾತೆಗೆ, ಅಂದರೆ ಡ್ರಾಯಿಂಗ್ಸ್‌ಗೆ, ಖರ್ಚು ಬರೆದು ಹುಡುಗಿಯ ಖಾತೆಗೆ ಬ್ಯಾಂಕ್ ಮೂಲಕ ವರ್ಗಾಯಿಸಿದರೆ ಸಾಕು. ಕಡಿತವಿಲ್ಲ, ಕಳಂಕವೂ ಇಲ್ಲ.

ವಿದೇಶಕ್ಕೆ ಹಣ ಕಳುಹಿಸುವವರಿಗೆ

ವಿದೇಶ ವ್ಯಾಸಂಗಕ್ಕೆ ಸ್ವಂತ ಹಣ ಕಳುಹಿಸುವಾಗ ಬ್ಯಾಂಕು ಮೂಲದಲ್ಲೇ ತೆರಿಗೆ ಸಂಗ್ರಹಿಸುತ್ತದೆ. 2025ರ ಏಪ್ರಿಲ್ 1ರಿಂದ ವರ್ಷಕ್ಕೆ 10 ಲಕ್ಷ ರೂಪಾಯಿಗಳವರೆಗೆ ಈ ಟಿಸಿಎಸ್ ಇಲ್ಲ. ಅದಕ್ಕೆ ಮೀರಿದ ಮೊತ್ತಕ್ಕೆ 2025-26ರ ದರ ಶೇ. 5. ನಿಗದಿತ ಹಣಕಾಸು ಸಂಸ್ಥೆಯ ಶಿಕ್ಷಣ ಸಾಲದಿಂದ ಕಳುಹಿಸುವ ಹಣಕ್ಕೆ ಅದೇ ದಿನಾಂಕದಿಂದ ಟಿಸಿಎಸ್ ಪೂರ್ತಿ ರದ್ದಾಗಿದೆ. ಹೀಗೆ ಸಂಗ್ರಹವಾದದ್ದು ಖರ್ಚಲ್ಲ, ಮುಂಗಡ. ಹಣ ಕಳುಹಿಸಿದವರ ಪ್ಯಾನ್ ಸಂಖ್ಯೆಗೆ ಜಮೆಯಾಗಿ 26ಎಎಸ್ ವಿವರಣೆಯಲ್ಲಿ ಕಾಣುವ ಈ ಮೊತ್ತವನ್ನು ತೆರಿಗೆಗೆ ಹೊಂದಿಸಿಕೊಳ್ಳಬಹುದು, ಹೆಚ್ಚಾದದ್ದನ್ನು ಮರುಪಾವತಿ ಪಡೆಯಬಹುದು. ತೆರಿಗೆ ಕಟ್ಟುವವರ ಖಾತೆಯಿಂದಲೇ ಹಣ ಹೋದರೆ ಹೊಂದಾಣಿಕೆ ಸುಲಭ.

ಪ್ರವೇಶದ ದಿನದ ನಾಲ್ಕು ಪ್ರಶ್ನೆಗಳು

ಶುಲ್ಕ ಕಟ್ಟುವ ಸರದಿಯಲ್ಲಿ ನಿಲ್ಲುವ ಮೊದಲೇ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಉಚಿತ. ಹಣ ಯಾರ ಖಾತೆಯಿಂದ ಹೋಗುತ್ತಿದೆ? ಸಾಲವಾದರೆ ಅದು ಯಾರ ಹೆಸರಿನಲ್ಲಿದೆ, ಕೊಟ್ಟ ಸಂಸ್ಥೆ ಅರ್ಹವೇ? ರಸೀದಿಯಲ್ಲಿ ಬೋಧನಾ ಶುಲ್ಕ ಬೇರೆಯಾಗಿ ಬರೆದಿದೆಯೇ? ಹಣ ಕಟ್ಟುವವರಿಗೆ ಯಾವ ತೆರಿಗೆ ಪದ್ಧತಿ ಅನ್ವಯಿಸುತ್ತದೆ?

ಅವಿಭಕ್ತ ಕುಟುಂಬದಲ್ಲಿ ಮಕ್ಕಳೆಲ್ಲ ಮನೆಯ ಮಕ್ಕಳೇ. ಆದಾಯ ತೆರಿಗೆ ಕಾಯಿದೆ ಮಾತ್ರ ತಂದೆಯನ್ನು ತಂದೆಯೆಂದೂ ದೊಡ್ಡಪ್ಪನನ್ನು ದೊಡ್ಡಪ್ಪನೆಂದೂ ಬೇರೆ ಬೇರೆಯಾಗಿಯೇ ಎಣಿಸುತ್ತದೆ. ಈ ವ್ಯತ್ಯಾಸವನ್ನು ಮೊದಲ ವರ್ಷವೇ ಅರಿತು ಕಾಗದಪತ್ರ ಸರಿಪಡಿಸಿಕೊಂಡ ಮನೆಯಲ್ಲಿ, ಉಳಿದ ಮೂರು ವರ್ಷಗಳ ಶುಲ್ಕಕ್ಕೆ ಹಣ ಹೊಂದಿಸುವ ಚಿಂತೆಯೊಂದೇ ಉಳಿಯುತ್ತದೆ. ನೋಟೀಸಿನ ಚಿಂತೆ ಇರುವುದಿಲ್ಲ.